ಒಂದೇ ಪ್ಲಗ್ ಇದ್ದ ಮನೆ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲು. ಪತ್ರಿಕಾ ಕಚೇರಿಯ ಮೂರನೇ ಮಹಡಿಯಲ್ಲಿ ಯಾರೋ ಕೂಗಿಕೊಂಡರು.

ಕೂಗಿದ್ದು ಜ್ಯೋತಿಷಿ. ನಿಜವಾದ ಜ್ಯೋತಿಷಿಯಲ್ಲ, ಗ್ರಹಗತಿಯ ಗಂಧವೂ ಅವರಿಗಿರಲಿಲ್ಲ. ಮಾರುಕಟ್ಟೆಗೆ ಬರುವ ಹೊಸ ಯಂತ್ರಗಳಲ್ಲಿ ಯಾವುದು ನಾಳೆ ಮನೆಮನೆಗೂ ಬೇಕಾಗುತ್ತದೆ, ಯಾವುದು ಆರು ತಿಂಗಳಲ್ಲಿ ಅಟ್ಟ ಸೇರುತ್ತದೆ ಎಂದು ವಾರವಾರ ಬರೆಯುತ್ತಿದ್ದರು. ಅಂಕಣದ ಹೆಸರು ‘ನಾಳೆಗೆ ಬೇಕಾದ್ದು’. ವರ್ಷಕ್ಕೊಮ್ಮೆ ಅಂಥ ವಸ್ತುಗಳ ಪಟ್ಟಿಯನ್ನೂ ಕೊಡುತ್ತಿದ್ದರು. ಈಚಿನ ವರ್ಷಗಳಲ್ಲಿ ಬರೆದದ್ದು ಬರೆದ ಹಾಗೇ ಆಗುತ್ತಿತ್ತು. ಕಳೆದುಹೋದ ಕೀಲಿಗೊಂಚಲನ್ನು ಕೂಗಿ ತೋರಿಸುವ ಬಿಲ್ಲೆ ಎಲ್ಲರ ಜೇಬಿಗೂ ಬರುತ್ತದೆ ಎಂದಿದ್ದರು. ಬಂತು. ಮಾತಾಡುವ ಫ್ರಿಜ್ ವರ್ಷದೊಳಗೆ ಮೂಕವಾಗುತ್ತದೆ ಎಂದಿದ್ದರು. ಆಯಿತು. ಏನಾದರೂ ಹೊಸದು ಕೊಳ್ಳುವ ಮುಂಚೆ ಜನ, “ಜ್ಯೋತಿಷಿ ಏನಂದಿದ್ದಾರೆ ನೋಡು” ಎನ್ನುತ್ತಿದ್ದರು. ಹೆಸರು ಹಾಗೇ ಅಂಟಿಕೊಂಡಿತು.

ಅವರ ಪ್ರಯೋಗಕೋಣೆಯ ಕಿಟಕಿ ಗಾಜು ಒಡೆದಿತ್ತು. ಕಬ್ಬಿಣದ ಕಪಾಟು ಖಾಲಿ. ಪರೀಕ್ಷೆಗೆಂದು ಬೇರೆ ಬೇರೆ ಕಂಪನಿಗಳು ಕಳಿಸಿದ್ದ ಹನ್ನೊಂದು ಯಂತ್ರಗಳಲ್ಲಿ ಒಂದೂ ಇರಲಿಲ್ಲ.

ಹತ್ತಕ್ಕೆ ಇನ್ಸ್‌ಪೆಕ್ಟರ್ ಬಂದಳು. ನಲವತ್ತರ ಆಸುಪಾಸಿನ ಹೆಂಗಸು. ಚುರುಕು. ಕೈಗೆತ್ತಿಕೊಂಡ ಕೇಸನ್ನು ಮೂರು ದಿನ ದಾಟಿಸುವುದಿಲ್ಲ ಎಂಬ ಹೆಸರಿತ್ತು. ಆ ಹೆಸರು ಅವಳಿಗೂ ಇಷ್ಟವಿತ್ತು.

“ನೀವು ಬೇಡ ಅಂದಿದ್ದನ್ನ ನಮ್ಮನೇಲಿ ಇವತ್ತಿನವರೆಗೂ ಕೊಂಡಿಲ್ಲ ಸರ್,” ಎಂದಳು ಜ್ಯೋತಿಷಿಗೆ.

ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಐವತ್ತೆಂಟು ವಯಸ್ಸು, ಬಿಳಿ ಅಂಗಿ, ತೆಳುವಾದ ಬೆರಳುಗಳು. “ಇವತ್ತೇ ಆಗಬೇಕಿತ್ತಾ ಇದು?”

“ಇವತ್ತೇನು ವಿಶೇಷ?”

ಉತ್ತರ ಕೊಟ್ಟದ್ದು ಸಂಪಾದಕರು. “ಅಂಕಣಕ್ಕೆ ಹದಿನೈದು ವರ್ಷ. ಹನ್ನೊಂದು ಗಂಟೆಗೆ ಫೋಟೋದವರು ಬರಬೇಕಿತ್ತು. ಇವರು ಯಂತ್ರಗಳನ್ನ ಹೇಗೆ ಪರೀಕ್ಷೆ ಮಾಡ್ತಾರೆ ಅಂತ ಒಂದೊಂದಾಗಿ ತೋರಿಸೋದು. ಎರಡು ಪುಟ ಇಟ್ಟಿದ್ದೆ.”

ಅವಳ ಜೊತೆ ಬಂದು ಕಿಟಕಿಯ ಹತ್ತಿರ ನಿಂತಿದ್ದ ದಫೇದಾರ ಕೆಮ್ಮಿದ. ಮೂವತ್ತು ವರ್ಷ ಸವೆದ ಬೂಟು ಅವನದು.

“ಮೇಡಂ, ಈ ಕಿಟಕಿ ತೆರೆಯಲ್ಲ. ಬಣ್ಣ ಹೊಡೆದಾಗ ಚೌಕಟ್ಟಿಗೇ ಅಂಟ್ಕೊಂಡಿದೆ. ಬಣ್ಣ ಎಲ್ಲೂ ಬಿರುಕು ಬಿಟ್ಟಿಲ್ಲ. ಗಾಜಿನ ತೂತು ನೋಡಿದ್ರೆ ಒಂದು ಕೈ ತೂರುತ್ತೆ ಅಷ್ಟೇ.”

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಅವನು ಹೇಳಿದ್ದು ಸರಿ. ಪೆಟ್ಟಿಗೆಗಳು ಈ ದಾರಿಯಲ್ಲಿ ಹೋಗಿರಲು ಸಾಧ್ಯವಿಲ್ಲ. ಹೋದದ್ದು ಬಾಗಿಲಿನಿಂದ. ಬಾಗಿಲಿನ ಬೀಗ ಸರಿಯಾಗಿಯೇ ಇತ್ತು.

“ಈ ಕೋಣೆಗೆ ಎಷ್ಟು ಕೀಲಿ?”

“ಎರಡು,” ಎಂದರು ಸಂಪಾದಕರು. “ಒಂದು ಇವರ ಹತ್ತಿರ. ಇನ್ನೊಂದು ಅಕ್ಕನ ಹತ್ತಿರ.”

“ಯಾವ ಅಕ್ಕ?”

“ಗುಡಿಸಿ ಒರೆಸೋ ಅಕ್ಕ. ಎಂಟು ವರ್ಷದಿಂದ ಇದ್ದಾಳೆ. ಎಲ್ಲರೂ ಹಾಗೇ ಕರೀತೀವಿ.”

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದಳು. ಮುಖದಲ್ಲಿ ಗೆಲುವು ಕಾಣಿಸಿತು. “ಮನೆ ಎಲ್ಲಿ?”

ಜ್ಯೋತಿಷಿ ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು.

*

ಮಧ್ಯಾಹ್ನ ನಾಲ್ಕಕ್ಕೆ ಜೀಪು ಕಿರಿದಾದ ಬೀದಿಯೊಂದರಲ್ಲಿ ನಿಂತಿತು. ಎದುರುಬದುರು ಮನೆಗಳು. ಒಬ್ಬರು ಸೀನಿದರೆ ಇನ್ನೊಬ್ಬರು ಮೂಗು ಒರೆಸಿಕೊಳ್ಳುವಷ್ಟು ಹತ್ತಿರ. ಬೀದಿಯ ಬಾಗಿಲುಗಳೆಲ್ಲ ತೆರೆದವು.

ಮನೆಯೆಂದರೆ ಒಂದು ಕೋಣೆ, ಅದರ ಬೆನ್ನಿಗೆ ಅಡುಗೆಮೂಲೆ. ಗೋಡೆಯ ಮೇಲೆ ಒಂದೇ ಒಂದು ಪ್ಲಗ್. ಅದರ ಪಕ್ಕ ಪೆನ್ಸಿಲಿನಲ್ಲಿ ಬರೆದ ಚೀಟಿ ಅಂಟಿಸಿತ್ತು: ಯಾವ ಹೊತ್ತಿಗೆ ಯಾರ ಯಾವ ವಸ್ತು ಚಾರ್ಜಿಗೆ. ಇನ್ಸ್‌ಪೆಕ್ಟರ್ ಅದನ್ನು ನೋಡಿದಳು, ಓದಲಿಲ್ಲ.

ಅಕ್ಕ ಮೂವತ್ತೆಂಟರ ಹೆಂಗಸು. ಆಗಷ್ಟೇ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದಿದ್ದಳು. ಗಂಡ ತೀರಿಕೊಂಡು ಐದು ವರ್ಷ. ಜೊತೆಗಿದ್ದವಳು ಅತ್ತೆ. ಎಪ್ಪತ್ತಾರು, ಪೂರಾ ಕಿವುಡು.

ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಡುಗೆಮೂಲೆಯ ಹಲಗೆಯ ಮೇಲೆ ಹೊತ್ತಿಗೆ ಸರಿಯಾಗಿ ಕೂಗುವ ಮಾತ್ರೆ ಡಬ್ಬಿ. ಮೊಳೆಗೆ ನೇತುಹಾಕಿದ್ದ ನಿದ್ದೆ ಅಳೆಯುವ ಉಂಗುರ. ಎರಡೂ ಕಳುವಿನ ಪಟ್ಟಿಯಲ್ಲಿದ್ದವು.

ಮೂರನೆಯದು ಮುದುಕಿಯ ಕೊರಳಲ್ಲಿತ್ತು. ಅಂಗೈಯಗಲದ ತೆಳು ಫಲಕ. ಹತ್ತಿರದಲ್ಲಿ ಆಡಿದ ಮಾತೆಲ್ಲ ಅದರ ಗಾಜಿನ ಮೇಲೆ ಅಕ್ಷರವಾಗಿ ಮೂಡುತ್ತದೆ. ಮುದುಕಿ ಅದನ್ನು ಕಣ್ಣಿನ ಹತ್ತಿರ ಹಿಡಿದು, ಬಂದವರ ಮಾತನ್ನೆಲ್ಲ ಓದುತ್ತ ಕೂತಿದ್ದಳು.

“ಏ ಮುದುಕಿ, ಅದೇನದು ಕುತ್ತಿಗೇಲಿ? ಬಿಚ್ಚು,” ಎಂದಳು ಇನ್ಸ್‌ಪೆಕ್ಟರ್.

ಮುದುಕಿ ಫಲಕ ನೋಡಿದಳು. ಆಮೇಲೆ ಇನ್ಸ್‌ಪೆಕ್ಟರಿನ ಮುಖ ನೋಡಿದಳು. ಬಿಚ್ಚಲಿಲ್ಲ.

ಇನ್ಸ್‌ಪೆಕ್ಟರ್ ತಾನೇ ಬಗ್ಗಿ ಬಿಚ್ಚಿಕೊಂಡಳು.

“ಮೇಡಂ, ಅದೊಂದು ಬಿಡಿ,” ಎಂದಳು ಅಕ್ಕ. “ಉಳಿದಿದ್ದೆಲ್ಲ ತಗೊಂಡು ಹೋಗಿ. ನನ್ನನ್ನೂ ಕರ್ಕೊಂಡು ಹೋಗಿ. ಅದೊಂದು ಬಿಡಿ.”

“ಕದ್ದ ಮಾಲನ್ನ ಬಿಟ್ಟು ಹೋಗ್ಬೇಕಾ? ಚೆನ್ನಾಗಿದೆ. ಜೀಪು ಹತ್ತು.”

ಅಕ್ಕ ಜೀಪು ಹತ್ತಿದಳು. ಮುದುಕಿ ಹೊಸ್ತಿಲಿಗೆ ಬಂದು, “ಏನಂತೆ? ಏನಂತಾರೆ ಇವರು? ಯಾರಾದ್ರೂ ಹೇಳ್ರೇ!” ಎಂದು ದೊಡ್ಡ ದನಿಯಲ್ಲಿ ಕೇಳುತ್ತಿದ್ದಳು. ಬೀದಿಯಲ್ಲಿದ್ದ ಇಪ್ಪತ್ತು ಬಾಯಿಗಳು ಒಟ್ಟಿಗೇ ಮಾತಾಡುತ್ತಿದ್ದವು. ಒಂದು ಮಾತೂ ಅವಳನ್ನು ಮುಟ್ಟಲಿಲ್ಲ.

*

“ಉಳಿದ ಎಂಟು ಎಲ್ಲಿ?”

ಅಕ್ಕ ಠಾಣೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು.

“ನೀನೇ ತಗೊಂಡಿದ್ದಾ? ಅಥವಾ ಯಾರಾದ್ರೂ ಕೊಟ್ರಾ?”

“ಮಾತು ಕೊಟ್ಟಿದ್ದೀನಿ ಮೇಡಂ.”

“ಯಾರಿಗೆ?”

ಅವಳ ಕಣ್ಣು ಠಾಣೆಯ ಬಾಗಿಲ ಮೇಲಿತ್ತು. ಯಾರೋ ಬರುವುದಿದೆ ಎನ್ನುವಂತೆ.

ಇನ್ಸ್‌ಪೆಕ್ಟರ್ ಜ್ಯೋತಿಷಿಗೆ ಫೋನು ಮಾಡಿದಳು. “ಸರ್, ಸಿಕ್ಕಿಬಿದ್ಲು. ಮೂರು ವಸ್ತು ಅವಳ ಮನೇಲೇ ಇತ್ತು.”

“ಅವಳ ಮನೆಗೆ ಯಾಕೆ ಹೋದ್ರಿ?” ಎಂದರು ಜ್ಯೋತಿಷಿ. ಆಮೇಲೆ, “ಕೇಸು ಗೀಸು ಬೇಡ. ಬಿಟ್ಟುಬಿಡಿ. ಪಾಪ.”

ದೊಡ್ಡ ಮನಸ್ಸು ಎಂದುಕೊಂಡಳು ಇನ್ಸ್‌ಪೆಕ್ಟರ್. ಅಕ್ಕನನ್ನು ಮಹಿಳಾ ಲಾಕಪ್ಪಿಗೆ ಕಳಿಸಿದಳು.

*

ಮಂಗಳವಾರ ಬೆಳಿಗ್ಗೆ ಅವಳು ಪತ್ರಿಕಾ ಕಚೇರಿಯ ಕಾವಲುಗಾರನನ್ನು ಹಿಡಿದಳು. ಎಂಟು ಪೆಟ್ಟಿಗೆಗಳನ್ನು ಒಬ್ಬ ಹೆಂಗಸು ಒಬ್ಬಳೇ ಹೊತ್ತುಕೊಂಡು ಹೋಗಿರಲಾರಳು. ಜೊತೆಗೆ ಯಾರೋ ಇರಬೇಕು.

“ಭಾನುವಾರ ರಜೆ ಮೇಡಂ,” ಎಂದ ಕಾವಲುಗಾರ. “ಉಪಸಂಪಾದಕರು ಒಬ್ರು ಬಂದಿದ್ರು. ಹನ್ನೊಂದಕ್ಕೆ ಬಂದು ಹನ್ನೊಂದೂವರೆಗೆ ಹೋದ್ರು. ಕೈಯಲ್ಲಿ ಏನೂ ಇರ್ಲಿಲ್ಲ.”

“ಬೇರೆ ಯಾರೂ?”

“ಬೇರೆ ಯಾರೂ ಇಲ್ಲ.”

ಉಪಸಂಪಾದಕನಿಗೆ ಮೂವತ್ತು ದಾಟಿತ್ತು. ಜ್ಯೋತಿಷಿಯ ಅಂಕಣ ತಿದ್ದುವುದು ಅವನ ಕೆಲಸ. ಆ ಜಾಗದ ಮೇಲೆ ಅವನಿಗೆ ಕಣ್ಣಿದೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಪ್ರಶ್ನೆ ಕೇಳಿದ ಕೂಡಲೇ ಅವನ ಕಿವಿ ಕೆಂಪಾಯಿತು.

“ಭಾನುವಾರ ಇಲ್ಲೇನು ಕೆಲಸ ನಿಮಗೆ?”

“ಪ್ರೂಫ್ ನೋಡೋಕೆ...”

“ರಜೆ ದಿನ?”

ಅವನು ನೆಲ ನೋಡಿದ. “ಸ್ಟೂಲ್ ಹಾಕ್ಕೊಂಡು ಹತ್ತಿದೆ ಮೇಡಂ. ಬಾಗಿಲ ಮೇಲಿನ ಗಾಜಿನಿಂದ ಒಳಗೆ ಇಣುಕಿದೆ.”

“ಯಾಕೆ?”

“ಅವರು ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳ್ತಾರೆ ಅಂತ ತಿಳ್ಕೊಳ್ಳೋ ಆಸೆ. ಆರು ವರ್ಷ ಆಯ್ತು, ಒಂದೂ ತಪ್ಪಾಗಿಲ್ಲ. ಏನಾದ್ರೂ ಟಿಪ್ಪಣಿ ಕಾಣುತ್ತಾ ಅಂತ...” ಅವನ ದನಿ ಇಳಿಯಿತು. “ಕಳ್ಳನ ಥರ ಇಣುಕಿದ್ದಕ್ಕೆ ನಾಚಿಕೆಯಾಗಿ ಯಾರಿಗೂ ಹೇಳ್ಲಿಲ್ಲ. ಆದ್ರೆ ಮೇಡಂ, ಕಿಟಕಿ ಆಗ ಸರಿಯಾಗಿತ್ತು. ಕಪಾಟಲ್ಲಿ ಎಂಟು ಪೆಟ್ಟಿಗೆ ಇತ್ತು. ಐದರ ಮೇಲೆ ಅಂಟಿಸಿದ್ದ ಟೇಪು ಹಾಗೇ ಇತ್ತು, ಕಿತ್ತೇ ಇರ್ಲಿಲ್ಲ.”

“ತೆರೆದೇ ಇರ್ಲಿಲ್ವಾ?”

“ಇಲ್ಲ. ನಾಲ್ಕು ತಿಂಗಳಿಂದ ಪರೀಕ್ಷೆ ಮಾಡ್ತಿದೀನಿ ಅಂತಿದ್ರು. ನಂಗೂ ವಿಚಿತ್ರ ಅನ್ನಿಸ್ತು.”

ಇನ್ಸ್‌ಪೆಕ್ಟರಿಗೂ ಅನ್ನಿಸಿತು. ಅದನ್ನು ತಳ್ಳಿಹಾಕಿದಳು. ಅಕ್ಕ ಮೂರನ್ನು ಮೊದಲೇ ಒಯ್ದಿರಬೇಕು, ಎಂಟನ್ನು ಭಾನುವಾರ ಮಧ್ಯಾಹ್ನದ ಮೇಲೆ. ಲೆಕ್ಕ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

*

ಠಾಣೆಗೆ ವಾಪಸು ಬಂದಾಗ ದಫೇದಾರ ಅವಳ ಮೇಜಿನ ಎದುರು ನಿಂತಿದ್ದ. ಮೇಜಿನ ಮೇಲೆ ಮುದುಕಿಯ ಫಲಕ ಬೆಳಗುತ್ತಿತ್ತು. ನಿನ್ನೆ ತಂದಾಗಿನಿಂದ ಅದನ್ನು ಯಾರೂ ಆರಿಸಿರಲಿಲ್ಲ.

“ಮೇಡಂ, ಇದು ನಾವು ಆಡಿದ್ದೆಲ್ಲ ಬರ್ಕೊಳ್ತಿದೆ,” ಎಂದ. ಗಾಜಿನ ಮೇಲೆ ಅಕ್ಷರಗಳು ಮೂಡಿದವು: ಮೇಡಂ, ಇದು ನಾವು ಆಡಿದ್ದೆಲ್ಲ ಬರ್ಕೊಳ್ತಿದೆ.

ಅವಳು ಕೂತು ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಠಾಣೆಯ ಮಾತು ಸರಿದುಹೋಯಿತು. ಸೋಮವಾರ ಮಧ್ಯಾಹ್ನ ನಾಲ್ಕು ಗಂಟೆ ಬಂತು.

ಏ ಮುದುಕಿ, ಅದೇನದು ಕುತ್ತಿಗೇಲಿ? ಬಿಚ್ಚು.

ತಾನೇ ಆಡಿದ ಮಾತು. ಬಾಯಿಂದ ಬಂದಾಗ ಅದು ಇಷ್ಟು ಉದ್ದವಿರಲಿಲ್ಲ. ಗಾಜಿನ ಮೇಲೆ ಕಪ್ಪಗೆ, ನೆಟ್ಟಗೆ ಕೂತಿತ್ತು. ಇದನ್ನು ಮುದುಕಿ ಓದಿದ್ದಳು. ಓದಿದ ಮೇಲೆ ತಲೆಯೆತ್ತಿ ತನ್ನ ಮುಖ ನೋಡಿದ್ದಳು.

ಇನ್ಸ್‌ಪೆಕ್ಟರಿನ ಕಿವಿಯ ಹಿಂದೆ ಬಿಸಿಯೇರಿತು. ದಫೇದಾರನಿಗೆ ಕಾಣದ ಹಾಗೆ ಫಲಕವನ್ನು ವಾಲಿಸಿಕೊಂಡಳು. ಅವನು ಆಗಲೇ ಓದಿದ್ದ. ಅವನು ಕಿಟಕಿಯಾಚೆ ನೋಡುತ್ತ ನಿಂತಿದ್ದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

ಇನ್ನೂ ಹಿಂದೆ ಸರಿಸಿದಳು. ದಿನಗಳು, ವಾರಗಳು. ಅತ್ತೆ, ಮಾತ್ರೆ ತಗೊಂಡ್ರಾ. ಅತ್ತೆ, ಎದುರುಮನೆಯವಳು ನಗ್ತಿದ್ದಾಳೆ, ನೀವು ಸೆರಗು ತಿರುಗಾಮುರುಗಾ ಹೊದ್ದಿದ್ದೀರಿ. ಅತ್ತೆ, ಮಳೆ ಬರೋ ಹಾಗಿದೆ, ಬಟ್ಟೆ ಒಳಗೆ ಹಾಕಿ. ಮೊದಲ ಸಾಲಿನ ತಾರೀಕು ತೊಂಬತ್ತೇಳು ದಿನಗಳ ಹಿಂದಿನದು.

ಅವಳು ಪತ್ರಿಕಾ ಕಚೇರಿಯ ಆವಕ ಪುಸ್ತಕದ ನಕಲು ತೆಗೆದು ನೋಡಿದಳು. ಫಲಕ ಕಚೇರಿಗೆ ಬಂದದ್ದು ತೊಂಬತ್ತೆಂಟು ದಿನಗಳ ಹಿಂದೆ. ಬಂದ ಮರುದಿನವೇ ಅದು ಮುದುಕಿಯ ಕೊರಳಲ್ಲಿತ್ತು. ಮೂರು ತಿಂಗಳು ಯಂತ್ರವೊಂದು ಕಾಣೆಯಾಗಿದ್ದರೂ ಪರೀಕ್ಷೆ ಮಾಡುವವರಿಗೆ ಗೊತ್ತಾಗಲಿಲ್ಲವೇ?

ಮೂವತ್ತನೇ ದಿನದ ಹತ್ತಿರ ಒಂದು ಮಾತುಕತೆ ಸಿಕ್ಕಿತು.

ತಿಂಗಳಾಯ್ತು ಅತ್ತೆ. ಬೇಕಾ, ವಾಪಸ್ ಕೊಟ್ಬಿಡ್ಲಾ?

ಇದು ಹೋದ್ರೆ ಮತ್ತೆ ಗೋಡೆ ಜೊತೆ ಕೂತಿರ್ಬೇಕು ಕಣೇ.

ಇನ್ಸ್‌ಪೆಕ್ಟರ್ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಉಪಸಂಪಾದಕನಿಗೆ ಫೋನು ಮಾಡಿದಳು. “ಜ್ಯೋತಿಷಿಯವರ ಈ ವರ್ಷದ ಪಟ್ಟಿ ನಿಮ್ಮ ಕೈಗೆ ಬಂದಿದೆಯಾ?”

“ಕಳೆದ ವಾರವೇ ಬಂತು ಮೇಡಂ.”

“ಮಾತು ಬರೆಯೋ ಫಲಕದ ಬಗ್ಗೆ ಏನಿದೆ, ಓದಿ.”

ಕಾಗದದ ಸದ್ದು. “‘ಮುಂದಿನ ಐದು ವರ್ಷದಲ್ಲಿ ಕನ್ನಡಕದಷ್ಟೇ ಸಾಮಾನ್ಯವಾಗುವ ವಸ್ತು ಇದು. ಬಳಸಿದವರ ಮಾತಿನಲ್ಲೇ ಹೇಳುವುದಾದರೆ, ಇದು ಹೋದರೆ ಮತ್ತೆ ಗೋಡೆಯ ಜೊತೆ ಕೂತಿರಬೇಕು.’”

“ಹಳೆಯ ಅಂಕಣಗಳನ್ನೂ ಕಳಿಸಿ. ಹದಿನೈದು ವರ್ಷದ್ದೂ.”

*

ಮಧ್ಯಾಹ್ನವೆಲ್ಲ ಓದಿದಳು. ಮೊದಲ ಒಂಬತ್ತು ವರ್ಷದ ಬರಹ ಒಂದು ಬಗೆ. ದೊಡ್ಡ ದೊಡ್ಡ ಮಾತು, ಕಂಪನಿಯ ಕರಪತ್ರದ ವಾಸನೆ. ಹೇಳಿದ್ದರಲ್ಲಿ ಮುಕ್ಕಾಲು ಸುಳ್ಳಾಗಿತ್ತು. ಕಡೆಯ ಆರು ವರ್ಷದ್ದು ಇನ್ನೊಂದೇ ಬಗೆ.

ನೆಲ ಒರೆಸುತ್ತಿರುವಾಗ ಒದ್ದೆ ಕೈಗೆ ಈ ಪರದೆ ಓಗೊಡುವುದಿಲ್ಲ.

ತಿಂಗಳಾದ ಮೇಲೆ ಅದು ಕೆಟ್ಟರೆ ಮನೆಯಲ್ಲಿ ಯಾರು ಬೈಯುತ್ತಾರೆ ನೋಡಿ. ಯಾರೂ ಬೈಯಲಿಲ್ಲವೆಂದರೆ ಅದು ಬೇಡದ ವಸ್ತು.

ಒಂದೇ ಪ್ಲಗ್ ಇರುವ ಮನೆಯಲ್ಲಿ ಎರಡು ಯಂತ್ರ ಚಾರ್ಜಿಗೆ ಜಗಳವಾಡಿದರೆ, ಗೆದ್ದದ್ದೇ ನಾಳೆಯ ವಸ್ತು.

ಜ್ಯೋತಿಷಿ ಒಂಟಿ. ನಾಲ್ಕು ಕೋಣೆಯ ಮನೆ. ದೂರು ಬರೆಸಿಕೊಳ್ಳಲು ಅಲ್ಲಿಗೆ ಹೋಗಿದ್ದ ದಫೇದಾರನನ್ನು ಕರೆದು ಕೇಳಿದಳು.

“ಅವರ ಮನೇಲಿ ಪ್ಲಗ್ ಎಷ್ಟಿತ್ತು?”

“ಗೋಡೆಗೆರಡು ಮೇಡಂ. ಅರ್ಧಕ್ಕರ್ಧ ಖಾಲಿ.”

ಫಲಕದ ಬೆಳಕು ಅಷ್ಟರಲ್ಲಿ ಆರಿಹೋಯಿತು. ಚಾರ್ಜಿಗೆ ಹಾಕಿದಳು. ತುಂಬಿತು, ಆದರೆ ಶುರುವಾಗಲಿಲ್ಲ. ತಿರುಗಿಸಿ ನೋಡಿದಳು, ಒಂದು ಗುಂಡಿಯೂ ಇಲ್ಲ. ದಫೇದಾರನೂ ಉಜ್ಜಿ, ತಟ್ಟಿ, ಊದಿ ನೋಡಿ ಕೈಚೆಲ್ಲಿದ.

ಕೊನೆಗೆ ಅವಳು ಕಾವಲುಗಾರನಿಗೆ ಇನ್ನೊಂದು ಸಲ ಫೋನು ಮಾಡಿದಳು. “ಭಾನುವಾರ ಉಪಸಂಪಾದಕರು ಹೋದ ಮೇಲೆ ಯಾರೂ ಬರ್ಲಿಲ್ಲ ಅಂದ್ಯಲ್ಲ. ಜ್ಯೋತಿಷಿ?”

“ಬಂದಿದ್ರು ಮೇಡಂ. ನಾಲ್ಕಕ್ಕೆ. ದೊಡ್ಡ ಸೂಟ್‌ಕೇಸ್ ತಗೊಂಡು ಇಳಿದ್ರು. ಊರಿಗೆ ಹೊರಟಿದ್ದೀರಾ ಸಾರ್ ಅಂತ ನಾನೇ ಕೇಳಿದೆ.”

“ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?”

ಕಾವಲುಗಾರ ಗಲಿಬಿಲಿಯಾದ. “ಅವರನ್ನೂ ಲೆಕ್ಕಕ್ಕೆ ಹಿಡೀಬೇಕಿತ್ತಾ ಮೇಡಂ?”

ಇನ್ಸ್‌ಪೆಕ್ಟರ್ ಫೋನು ಇಟ್ಟಳು. ಅವನನ್ನು ಬೈಯುವ ಬಾಯಿ ತನಗಿಲ್ಲ ಎನಿಸಿತು. ಅವಳೂ ಹಿಡಿದಿರಲಿಲ್ಲ.

*

ಬುಧವಾರ ಹತ್ತು ಗಂಟೆ. ಸಂಪಾದಕರ ಕೋಣೆ. ಮೇಜಿನ ಆಚೆ ಸಂಪಾದಕರು, ಈಚೆ ಜ್ಯೋತಿಷಿ. ದಫೇದಾರ ಅಕ್ಕನನ್ನು ಕರೆತಂದು ಬಾಗಿಲ ಹತ್ತಿರ ನಿಲ್ಲಿಸಿದ. ಎರಡು ದಿನದ ಹಿಂದಿನ ಅದೇ ಸೀರೆ. ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಜ್ಯೋತಿಷಿ ಆ ಕಡೆ ತಿರುಗಲಿಲ್ಲ.

ಇನ್ಸ್‌ಪೆಕ್ಟರ್ ಫಲಕವನ್ನು ಮೇಜಿನ ಮೇಲಿಟ್ಟಳು.

“ನಿಮ್ಮ ಪಟ್ಟಿಯ ಮೊದಲನೇ ವಸ್ತು ಸರ್. ಇದನ್ನ ಶುರುಮಾಡಿ ತೋರಿಸಿ.”

“ಈಗ ಯಾಕೆ?”

“ನಮಗೆ ಬರ್ತಿಲ್ಲ. ನೀವು ಮೂರು ತಿಂಗಳು ಪರೀಕ್ಷೆ ಮಾಡಿದ್ದೀರಲ್ಲ.”

ಜ್ಯೋತಿಷಿ ಕೈಗೆ ತೆಗೆದುಕೊಂಡರು. ಮೇಲೆ ನೋಡಿದರು, ಕೆಳಗೆ ನೋಡಿದರು. ಅಂಚಿನ ಸುತ್ತ ಬೆರಳಾಡಿಸಿದರು. ಗಾಜನ್ನು ಒತ್ತಿದರು. “ಚಾರ್ಜ್ ಇಲ್ವೇನೋ,” ಎಂದರು.

“ಪೂರ್ತಿ ಇದೆ.”

ಮತ್ತೆ ತಿರುಗಿಸಿದರು. ಸಂಪಾದಕರು ಮುಂದಕ್ಕೆ ಬಗ್ಗಿದರು. ಒಂದು ನಿಮಿಷ ಆಯಿತು. ಜ್ಯೋತಿಷಿಯ ಕತ್ತಿನ ಮೇಲೆ ಬೆವರು ಇಳಿಯಿತು.

ಅದನ್ನು ನೋಡಲಾಗದೆ ಹೋದವಳು ಅಕ್ಕ. ಎರಡು ಹೆಜ್ಜೆ ಮುಂದೆ ಬಂದು, “ಕೊಡಿ ಸಾರ್,” ಎಂದು ಫಲಕ ತೆಗೆದುಕೊಂಡಳು. ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಸರಕ್ಕನೆ ಕೆಳಗೆ ಜಾರಿಸಿದಳು. ಗಾಜು ಬೆಳಗಿತು. ಅವರ ಮರ್ಯಾದೆ ಉಳಿಸಲೆಂದೇ ಬಂದಿದ್ದಳು. ಏನು ಮಾಡಿಬಿಟ್ಟೆ ಎಂದು ಆಮೇಲೆ ಹೊಳೆಯಿತು. ಫಲಕ ಮೇಜಿನ ಮೇಲಿಟ್ಟು ಹಿಂದೆ ಸರಿದಳು.

“ಕಿಟಕಿ ತೆರೆಯೋದಿಲ್ಲ,” ಎಂದು ಇನ್ಸ್‌ಪೆಕ್ಟರ್ ಶುರುಮಾಡಿದಳು. “ಹಾಗಾಗಿ ವಸ್ತುಗಳು ಹೋಗಿದ್ದು ಬಾಗಿಲಿಂದ, ಕೀಲಿಯಿಂದ. ಭಾನುವಾರ ಹನ್ನೊಂದಕ್ಕೆ ಕಪಾಟಲ್ಲಿ ಎಂಟೇ ಪೆಟ್ಟಿಗೆ ಇತ್ತು, ಐದನ್ನ ತೆರೆದೇ ಇರ್ಲಿಲ್ಲ. ಉಳಿದ ಮೂರು ಇವರ ಮನೇಲಿ. ಈ ಫಲಕ ಕಚೇರಿಗೆ ಬಂದ ಮಾರನೇ ದಿನದಿಂದ ಅಲ್ಲಿದೆ. ಅಲ್ಲಿ ಒಬ್ಬ ಅಜ್ಜಿ ಆಡಿದ ಮಾತು ನಿಮ್ಮ ಪಟ್ಟಿಗೆ ಹಾಗೇ ಇಳಿದಿದೆ. ಒದ್ದೆ ಕೈ, ಒಂದೇ ಪ್ಲಗ್, ಯಾರು ಬೈತಾರೆ ನೋಡಿ ಅನ್ನೋದು... ಅದೆಲ್ಲ ನಿಮ್ಮ ಮನೆಯ ಮಾತಲ್ಲ ಸರ್. ಭಾನುವಾರ ನಾಲ್ಕಕ್ಕೆ ಸೂಟ್‌ಕೇಸಲ್ಲಿ ಆ ಎಂಟನ್ನ ತಗೊಂಡು ಹೋದವರು ನೀವು. ಗಾಜು ಒಡೆದವರೂ ನೀವೇ. ಸೋಮವಾರ ಫೋಟೋದವರ ಮುಂದೆ ಇವನ್ನ ಒಂದೊಂದಾಗಿ ನಡೆಸಿ ತೋರಿಸಬೇಕಿತ್ತು. ನಿಮಗೆ ಬರ್ತಿರ್ಲಿಲ್ಲ.”

ಅವಳ ಮಾತೆಲ್ಲ ಮೇಜಿನ ಮೇಲೆ ಅಕ್ಷರವಾಗುತ್ತಿತ್ತು. ಜ್ಯೋತಿಷಿ ಅದನ್ನೇ ನೋಡುತ್ತಿದ್ದರು.

“ಎಂಟೂ ನಮ್ಮನೆ ಅಟ್ಟದ ಮೇಲಿದೆ,” ಎಂದರು.

ಸಂಪಾದಕರು ಕನ್ನಡಕ ತೆಗೆದರು. “ಆರು ವರ್ಷ?”

“ಆರು ವರ್ಷ. ನಾನು ಹೇಳಿದ್ದು ಒಂದೂ ನಿಜವಾಗ್ತಿರ್ಲಿಲ್ಲ, ನಿಮಗೂ ಗೊತ್ತು. ನೀವು ಅಂಕಣ ನಿಲ್ಲಿಸೋರಿದ್ರಿ. ಒಂದು ದಿನ ಇವಳು ಗುಡಿಸ್ತಾ ಗುಡಿಸ್ತಾ, ‘ಸಾರ್, ಈ ಯಂತ್ರ ನಮ್ಮ ಬೀದೀಲಿ ಯಾರಿಗೂ ಬೇಡ, ಆ ಇನ್ನೊಂದು ಎಲ್ಲರಿಗೂ ಬೇಕು’ ಅಂದಳು. ಬರೆದೆ. ಹಾಗೇ ಆಯ್ತು. ಆಮೇಲೆ ಎಲ್ಲವನ್ನೂ ಇವಳ ಕೈಲೇ ಕಳಿಸ್ತಿದ್ದೆ. ತಿಂಗಳಾದ ಮೇಲೆ ಬಂದು ಹೇಳ್ತಿದ್ಲು. ನಾನು ಬರೀತಿದ್ದೆ. ಈ ವರ್ಷ ಅತ್ತೆಗೆ ಹುಷಾರಿಲ್ಲ ಅಂತ ಐದನ್ನ ಒಯ್ಯಲಿಲ್ಲ. ಅದಕ್ಕೇ ಅವು ತೆರೆದಿರಲಿಲ್ಲ.”

“ಇವರ ಹೆಸರು ಹೇಳಬಹುದಿತ್ತಲ್ಲ?”

“ಜ್ಯೋತಿಷಿ ಅಂತ ಜನ ಬೀದೀಲಿ ನಿಲ್ಲಿಸಿ ಮಾತಾಡಿಸ್ತಿದ್ರು. ಗುಡಿಸೋಳನ್ನ ಕೇಳಿ ಬರೀತೀನಿ ಅಂತ ಹೇಗೆ ಹೇಳ್ಲಿ? ಯಾರಿಗೂ ಹೇಳಬೇಡ ಅಂತ ಇವಳ ಹತ್ತಿರ ಮಾತು ತಗೊಂಡಿದ್ದೆ.” ಅವರು ಮುಖ ಉಜ್ಜಿಕೊಂಡರು. “ಆವಕ ಪುಸ್ತಕದಲ್ಲಿ ಹನ್ನೊಂದು ಅಂತ ಇತ್ತು, ಹನ್ನೊಂದೂ ಕಳುವು ಅಂತ ಬರೆಸಿದೆ. ಪೊಲೀಸರು ಒಂದು ಕಾಗದ ಬರ್ಕೊಂಡು ಹೋಗ್ತಾರೆ, ಅಲ್ಲಿಗೆ ಮುಗೀತು ಅಂದ್ಕೊಂಡೆ. ಶುಕ್ರವಾರ ಆ ಮೂರನ್ನ ವಾಪಸ್ ಕೇಳೋಕೆ ಅವರ ಮನೆಗೆ ಹೋಗಿದ್ದೆ. ಅಜ್ಜಿ ಫಲಕ ನೋಡ್ಕೊಂಡು ನನ್ನ ಜೊತೆ ಹರಟೆ ಹೊಡೆದ್ರು. ಅದನ್ನ ಅವರ ಕೊರಳಿಂದ ಬಿಚ್ಚೋಕೆ ನಂಗೆ ಮನಸ್ಸಾಗ್ಲಿಲ್ಲ.”

ಇನ್ಸ್‌ಪೆಕ್ಟರ್ ತನ್ನ ಕೈಯನ್ನು ಮೇಜಿನಿಂದ ಕೆಳಗಿಳಿಸಿದಳು. ಬಿಚ್ಚಿದ ಕೈ ಅವಳದು.

“ನಂಗೂ ನಾಚಿಕೆ ಇತ್ತು ಮೇಡಂ,” ಎಂದಳು ಅಕ್ಕ, ಯಾರ ಮುಖವನ್ನೂ ನೋಡದೆ. “ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಡೋ ವಸ್ತು ಅದು. ಅತ್ತೆಗೋಸ್ಕರ ಇಟ್ಕೊಂಡುಬಿಟ್ಟೆ. ಸಾರ್ ಕೇಳಿದ್ರೆ ಕೊಡೋಣ ಅಂತಿದ್ದೆ. ಕೇಳದೆ ಇರ್ಲಿ ಅಂತಾನೂ ಅಂದ್ಕೊಳ್ತಿದ್ದೆ. ಬಾಯಿ ಬಿಟ್ರೆ ನಾನೂ ಕಳ್ಳಿಯೇ ಅಲ್ವಾ?” ಆಮೇಲೆ ಅವಳು ಜ್ಯೋತಿಷಿಯ ಕಡೆ ತಿರುಗಿದಳು. “ನೀವು ಹೇಳಬೇಡ ಅಂದ್ರಿ, ನಾನು ಹೇಳ್ಲಿಲ್ಲ. ಎರಡು ದಿನ ಸಾರ್. ಎರಡು ದಿನ ಠಾಣೆ ಬಾಗಿಲನ್ನೇ ನೋಡ್ತಿದ್ದೆ, ನೀವು ಬರ್ತೀರಿ ಅಂತ.”

ಜ್ಯೋತಿಷಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಸಂಪಾದಕರು ಎದ್ದು ಅವರ ಹೆಗಲ ಮೇಲೆ ಕೈಯಿಡಲಿಲ್ಲ.

*

ಸುಳ್ಳು ದೂರು ಕೊಟ್ಟದ್ದಕ್ಕೆ ಜ್ಯೋತಿಷಿಯ ಮೇಲೆ ಕೇಸಾಯಿತು. ಅಂಕಣ ನಿಂತಿತು. ಅದರ ಕಾರಣವನ್ನು ಮೊದಲ ಪುಟದಲ್ಲಿ, ತಮ್ಮ ಕಣ್ತಪ್ಪನ್ನೂ ಸೇರಿಸಿ, ಸಂಪಾದಕರೇ ಬರೆಯುತ್ತೇನೆಂದರು. ಮುಂದಿನ ಪಟ್ಟಿಗೆ ನಿನ್ನ ಹೆಸರು ಹಾಕೋಣವೇ ಎಂದು ಅಕ್ಕನನ್ನು ಕೇಳಿದರು. ಅವಳು ಯೋಚಿಸಿ ಹೇಳುತ್ತೇನೆ ಎಂದಳು. ಮೊದಲು ಆ ಫಲಕದ ಕಂಪನಿಯವರಿಗೆ ಫೋನು ಮಾಡಿ, ಅದು ಅತ್ತೆಯ ಹತ್ತಿರವೇ ಇರಬಹುದೇ ಕೇಳಿ ಎಂದಳು. ಅವರು ಅಲ್ಲೇ ಕೇಳಿದರು. ಇರಬಹುದು ಎಂದಿತು ಕಂಪನಿ.

ಠಾಣೆಯಲ್ಲಿ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವಾಗ ಇನ್ಸ್‌ಪೆಕ್ಟರ್ ದಫೇದಾರನಿಗೆ ಹೇಳಿದಳು.

“ಎರಡೇ ಕೀಲಿ ಇತ್ತು. ಇಬ್ಬರಲ್ಲಿ ಒಬ್ಬರು ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿತ್ತು. ಇನ್ನೊಬ್ಬರನ್ನ ನಾನು ಕೇಳಲೇ ಇಲ್ಲ.”

ದಫೇದಾರ, “ನಾನೂ ಹೇಳ್ಲಿಲ್ಲ ಮೇಡಂ,” ಎಂದ. ಆಮೇಲೆ, “ಕಾನ್ಸ್‌ಟೇಬಲ್ ಕೈಯಲ್ಲಿ ಮನೆಗೆ ಬಿಡಿಸಲಾ?” ಎಂದು ಕೇಳಿದ.

“ಬೇಡ. ನಾನೇ ಹೋಗ್ತೀನಿ. ಅದೇ ಜೀಪಲ್ಲಿ.”

ಮಧ್ಯಾಹ್ನ ನಾಲ್ಕು. ಜೀಪು ಕಂಡದ್ದೇ ತಡ, ಬೀದಿಯ ಬಾಗಿಲುಗಳೆಲ್ಲ ತೆರೆದವು. ಅಕ್ಕ ಇಳಿದಳು. ಮುದುಕಿ ಹೊಸ್ತಿಲ ಮೇಲೆ ಕೂತಿದ್ದಳು. ಸೊಸೆಯ ಕೆನ್ನೆ, ಭುಜ, ಕೈ ಮುಟ್ಟಿ ಮುಟ್ಟಿ ನೋಡಿದಳು. ಇನ್ಸ್‌ಪೆಕ್ಟರನ್ನು ಕಂಡು ಮುಖ ಆಚೆ ತಿರುಗಿಸಿದಳು.

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಳು. ಬಗ್ಗಿ, ಫಲಕದ ದಾರವನ್ನು ಮುದುಕಿಯ ಕೊರಳಿಗೆ ಹಾಕಿದಳು. ಕೊಂಡಿ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಸಹಾಯಕ್ಕೆ ಬರಲಿಲ್ಲ.

“ತಪ್ಪಾಯ್ತು ಅಜ್ಜಿ,” ಎಂದಳು ಇನ್ಸ್‌ಪೆಕ್ಟರ್. ಗಂಟಲಿನಿಂದ ಗಾಳಿ ಬಂದ ಹಾಗೆ ಬಂತು ಮಾತು.

ಮುದುಕಿ ಗಾಜನ್ನು ಕಣ್ಣಿನ ಹತ್ತಿರ ಹಿಡಿದಳು. ಓದಿದಳು. ಆಮೇಲೆ ಅದನ್ನು ಇನ್ಸ್‌ಪೆಕ್ಟರಿನ ಕಡೆಗೆ ತಿರುಗಿಸಿ ಹಿಡಿದಳು. ಅದರಲ್ಲಿ ಹೀಗಿತ್ತು: ಸರಿಯಾಗಿ ಕೇಳಿಸಲಿಲ್ಲ. ದಯವಿಟ್ಟು ಜೋರಾಗಿ ಹೇಳಿ.

ಎದುರುಮನೆಯವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡುವುದನ್ನೂ ಮರೆತಿದ್ದಳು. ಇನ್ಸ್‌ಪೆಕ್ಟರ್ ನೆಟ್ಟಗೆ ನಿಂತಳು. ಮುಖ ಕೆಂಪಾಗಿತ್ತು.

“ತಪ್ಪು ನಂದು ಅಜ್ಜಿ. ನಿಮ್ಮ ಸೊಸೆ ಏನೂ ಕದ್ದಿಲ್ಲ. ವಿಚಾರಣೆ ಮಾಡದೆ ಕಳ್ಳಿ ಅಂದೆ. ನಿಮಗೆ ಮರ್ಯಾದೆ ಇಲ್ಲದೆ ಮಾತಾಡಿದೆ. ಕ್ಷಮಿಸಿ.”

ಅಕ್ಷರಗಳು ಒಂದೊಂದಾಗಿ ಮೂಡಿದವು. ಮುದುಕಿ ಬೆರಳಿಟ್ಟು, ಸಾಲು ಬಿಡದೆ, ಕೊನೆಯವರೆಗೂ ಓದಿದಳು. ಆಮೇಲೆ ತಲೆಯೆತ್ತಿ ಬೀದಿಯ ಆ ತುದಿಯನ್ನು ನೋಡಿದಳು. ಅಲ್ಲಿ ಕೊನೆಯ ಮನೆಯ ಜಗಲಿಯ ಮೇಲೆ ಮೂವರು ಹೆಂಗಸರು ಕತ್ತು ಉದ್ದ ಮಾಡಿಕೊಂಡು ನಿಂತಿದ್ದರು.

“ಇನ್ನೊಂದ್ಸಲ ಹೇಳಮ್ಮ,” ಎಂದಳು ಮುದುಕಿ ತನ್ನ ದೊಡ್ಡ ದನಿಯಲ್ಲಿ. “ಅಲ್ಲಿರೋರಿಗೆ ಕೇಳ್ಸಿಲ್ಲ.”

ಇನ್ಸ್‌ಪೆಕ್ಟರ್ ಆ ತುದಿಗೆ ಮುಖ ಮಾಡಿ ನಿಂತು ಇನ್ನೊಂದು ಸಲ ಹೇಳಿದಳು.